ಹಳ್ಳ ಏರುವ ಮುನ್ನ

ಧಾರವಾಡ ಬಿಟ್ಟು ಹಳಿಯಾಳದ ದಾರಿ ಹಿಡಿದವರಿಗೆ ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಕರಿಮಣ್ಣಿನ ಹೊಲಗಳು ಹಿಂದೆ ಸರಿದು ಕೆಂಪು ಮಣ್ಣು ಬರುತ್ತದೆ. ಭತ್ತ, ಗೋವಿನಜೋಳ, ಕಬ್ಬಿನ ನಡುವೆ ಅಲ್ಲೊಂದು ಇಲ್ಲೊಂದು ತೇಗದ ಮರ ತಲೆಯೆತ್ತುತ್ತದೆ. ದಾಂಡೇಲಿ ತಲುಪುವಷ್ಟರಲ್ಲಿ ಕಾಡು ರಸ್ತೆಯ ಎರಡೂ ಬದಿಗೆ ಬಂದು ನಿಂತಿರುತ್ತದೆ. ಜೋಯಿಡಾ ದಾಟಿ ಅಣಶಿಯ ಕಡೆಗೆ ಹೊರಳಿದರೆ ಕಾಡಲ್ಲದೆ ಬೇರೇನೂ ಇಲ್ಲ. ಇತ್ತ ಹಳಿಯಾಳದಿಂದ ಆಗ್ನೇಯಕ್ಕೆ, ಯಲ್ಲಾಪುರದ ಅಂಚು ಬಳಸಿಕೊಂಡು ಹೋದರೆ ಮುಂಡಗೋಡ. ಅಲ್ಲಿ ಮತ್ತೆ ಕೆರೆ, ಗದ್ದೆ, ಅರೆಮಲೆನಾಡಿನ ತಿಳಿಬಿಸಿಲು.

ನಕ್ಷೆಯ ಮೇಲೆ ಒಂದೇ ಜಿಲ್ಲೆಯ ಪಕ್ಕಪಕ್ಕದ ಊರುಗಳು ಇವು. ಮಳೆಯ ಲೆಕ್ಕದಲ್ಲಿ ಮಾತ್ರ ಬೇರೆ ಬೇರೆ ದೇಶಗಳಂತೆ. ಜೋಯಿಡಾ ತಾಲೂಕಿನ ಪಶ್ಚಿಮ ತುದಿಯ ಕ್ಯಾಸಲ್ ರಾಕ್ ರಾಜ್ಯದಲ್ಲಿಯೇ ಅತಿ ಹೆಚ್ಚು ಮಳೆ ಸುರಿಯುವ ಸ್ಥಳಗಳ ಸಾಲಿಗೆ ಸೇರಿದ್ದು. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಬಡಿದು ಅಲ್ಲಿಯೇ ತನ್ನ ಭಾರವನ್ನೆಲ್ಲ ಇಳಿಸುತ್ತದೆ. ಉಳಿದದ್ದಷ್ಟೇ ಪೂರ್ವಕ್ಕೆ ಸಾಗಬೇಕು. ಹಾಗಾಗಿ ಜೋಯಿಡಾದ ಮನೆಯಾಕೆ ಮೇ ತಿಂಗಳಲ್ಲಿ ಸೌದೆ ಒಳಗೆ ಸೇರಿಸುವ ಅವಸರದಲ್ಲಿದ್ದಾಗ ಮುಂಡಗೋಡದ ರೈತ ಮಳೆ ಈ ಸಲವಾದರೂ ಸಮಯಕ್ಕೆ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತಿರುತ್ತಾನೆ. ಆಪತ್ತಿಗೆ ಸಿದ್ಧವಾಗುವುದು ಎಂದರೆ ಇಬ್ಬರಿಗೂ ಒಂದೇ ಅರ್ಥವಲ್ಲ. ಪೇಟೆಯಲ್ಲಿ ಸಿಗುವ ಯಾವ ತಯಾರಿ ಪೆಟ್ಟಿಗೆಯೂ ಈ ಸಂಗತಿಯನ್ನು ಹೇಳಿಕೊಡುವುದಿಲ್ಲ.

ಅಟ್ಟದ ಲೆಕ್ಕ

ಸುಮಾರು 1,900 ಚದರ ಕಿ.ಮೀ. ಹರಡಿರುವ ಜೋಯಿಡಾ ತಾಲೂಕಿನಲ್ಲಿ 2011ರ ಜನಗಣತಿಯ ವೇಳೆಗೆ ಇದ್ದವರು ಸುಮಾರು 50 ಸಾವಿರ ಮಂದಿ. ಬೆಂಗಳೂರಿನ ಒಂದೆರಡು ಬಡಾವಣೆಗಳ ಜನ ಇಷ್ಟು ದೊಡ್ಡ ಕಾಡಿನಲ್ಲಿ ಚೆದುರಿಕೊಂಡರೆ ಹೇಗೋ ಹಾಗೆ. ಕುಣಬಿಗಳ ಒಂದು ಕೇರಿಗೂ ಇನ್ನೊಂದಕ್ಕೂ ನಡುವೆ ಗುಡ್ಡ, ಹಳ್ಳ, ಮತ್ತೊಂದು ಗುಡ್ಡ. ಕಾಳಿ ನದಿ ಹುಟ್ಟುವ ಡಿಗ್ಗಿಯ ಕಡೆಯಲ್ಲಂತೂ ಮಳೆ ಹಿಡಿದರೆ ಹಳ್ಳಗಳು ಏರಿ, ಮರದ ಸಂಕ ತೇಲಿಹೋಗಿ, ಸಂತೆಯ ಮಾತು ಮರೆಯಬೇಕಾಗುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಮನೆಯಲ್ಲಿ ಏನಿದೆಯೋ ಅದೇ ಊಟ.

ಆ ನಾಲ್ಕು ತಿಂಗಳ ಲೆಕ್ಕ ಬರೆದಿಟ್ಟದ್ದು ಕಾಗದದಲ್ಲಿ ಅಲ್ಲ, ಅಟ್ಟದ ಮೇಲೆ. ಭತ್ತ, ನಾಚಣಿ, ಬೂದಿ ಬೆರೆಸಿಟ್ಟ ಹುರುಳಿ. ಬಾಳೆಯ ನಾರಿನಿಂದ ತೊಲೆಗೆ ನೇತುಹಾಕಿದ ಮೊಗೆಕಾಯಿ. ಗಾಳಿಯಾಡಿದಷ್ಟೂ ಅದು ಬಾಳುತ್ತದೆ, ನೆಲಕ್ಕೆ ತಾಗಿಸಿದರೆ ಕೊಳೆಯುತ್ತದೆ. ಉಪ್ಪುನೀರಿನ ಭರಣಿಯಲ್ಲಿ ಹಲಸಿನ ತೊಳೆ, ಮಾವಿನ ಮಿಡಿ. ಹುಣಿಸೆಹಣ್ಣು ಮುಗಿದರೆ ಇರಲೆಂದು ಒಣಗಿಸಿದ ಮುರುಗಲು ಸಿಪ್ಪೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸು. ಮೀನು ತಿನ್ನುವವರ ಮನೆಯಲ್ಲಿ ಕಾರವಾರದ ಕಡೆಯಿಂದ ಬಂದ ಒಣಮೀನು, ಒಲೆಯ ಹೊಗೆ ತಾಗುವ ಜಾಗದಲ್ಲಿ. ಮಳೆಗಾಲದಲ್ಲಿ ಒಲೆ ಅಡುಗೆ ಮಾಡುವುದಷ್ಟೇ ಅಲ್ಲ, ಮೇಲಿನದನ್ನೆಲ್ಲ ಒಣಗಿಸಿ ಕಾಯುತ್ತದೆ. ಬೀಜ, ಬೆಲ್ಲ, ಬೆಂಕಿಪೆಟ್ಟಿಗೆ, ಕೊನೆಗೆ ನೆನೆದ ಕಂಬಳಿ ಕೊಪ್ಪೆಯೂ ಅದರ ಕೃಪೆಯಲ್ಲಿಯೇ ಇರಬೇಕು.

ಇದನ್ನೆಲ್ಲ ರುಚಿಯ ಮಾತಾಗಿ, ಅಜ್ಜಿಯ ಕೈಗುಣದ ಮಾತಾಗಿ ವರ್ಣಿಸುವುದು ಈಗಿನ ವಾಡಿಕೆ. ಆದರೆ ಅದರ ಮೂಲದಲ್ಲಿದ್ದದ್ದು ಭಯ ಮತ್ತು ಗಣಿತ. ಮನೆಯಲ್ಲಿ ಎಷ್ಟು ಜನ, ಹಳ್ಳ ಎಷ್ಟು ದಿನ ದಾಟಲಾಗದು, ನಾಟಿಗೆ ಬಂದವರಿಗೆ ಎಷ್ಟು ಗಂಜಿ, ಬೀಜಕ್ಕೆ ತೆಗೆದಿಟ್ಟದ್ದಕ್ಕೆ ಕೈ ಹಾಕದೆ ಆಗಸ್ಟ್ ಕಳೆಯಬಹುದೇ ಎಂಬ ಪ್ರಶ್ನೆಗಳಿಗೆ ಆ ಹೆಂಗಸರು ಬಾಯಲ್ಲೇ ಉತ್ತರ ಕಂಡುಕೊಳ್ಳುತ್ತಿದ್ದರು. ಲೆಕ್ಕ ತಪ್ಪಿದರೆ ಸಾಲ ಕೇಳಲು ಹೋಗುವುದಕ್ಕೂ ಹಳ್ಳ ದಾಟಲೇಬೇಕಿತ್ತು.

ಈಗ ಊರಿಗೆ ಡಾಂಬರು ಬಂದಿದೆ, ಸೇತುವೆ ಬಂದಿದೆ, ರೇಷನ್ ಅಂಗಡಿ ಇದೆ, ಸಿಲಿಂಡರ್ ಇದೆ. ಅಟ್ಟ ಖಾಲಿಯಾಗಿ ಅಲ್ಲಿ ಮುರಿದ ಕುರ್ಚಿ, ಹಳೆಯ ಪಠ್ಯಪುಸ್ತಕ ಸೇರಿಕೊಂಡಿವೆ. ಇದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ತಿಂಗಳು ಉಪ್ಪಿನ ತೊಳೆ ತಿನ್ನುವುದು ಯಾರಿಗೂ ಆದರ್ಶವಲ್ಲ. ಯೋಚಿಸಬೇಕಾದದ್ದು ಬೇರೆ. ರಸ್ತೆ ಬಂದಮೇಲೆ ಮನೆಯ ದಾಸ್ತಾನು ನಾಲ್ಕು ತಿಂಗಳಿನಿಂದ ನಾಲ್ಕು ದಿನಕ್ಕೆ ಇಳಿಯಿತು. ಆ ರಸ್ತೆ ಮಾತ್ರ ಅದೇ ಗುಡ್ಡದ ಮೈಮೇಲೆ ಹಾದುಹೋಗಿದೆ, ಅದೇ ಮಳೆಯಲ್ಲಿ ನೆನೆಯುತ್ತದೆ.

2021ರ ಜುಲೈ ತಿಂಗಳು ಇದಕ್ಕೆ ಸಾಕ್ಷಿ. ಆ ವಾರದ ಮಳೆಗೆ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ಜೋಯಿಡಾ–ಕಾರವಾರ ಸಂಚಾರ ನಿಂತಿತು. ನೆರೆಯ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟ, ರಸ್ತೆ, ಮನೆಗಳ ಸಮೇತ ನೆಲವೇ ಜಾರಿತು. ಜುಲೈ 23ರಂದು ಕ್ಯಾಸಲ್ ರಾಕ್ ಇಳಿದು ಗೋವೆಗೆ ಹೋಗುವ ರೈಲು ಮಾರ್ಗದಲ್ಲಿ, ದೂಧಸಾಗರ ಮತ್ತು ಸೋನಾವಳಿ ನಡುವೆ, ಮಣ್ಣು ಕುಸಿದು ಪ್ರಯಾಣಿಕರಿದ್ದ ರೈಲೊಂದು ಹಳಿ ತಪ್ಪಿತು. ಒಂದೇ ವಾರದಲ್ಲಿ ಜಿಲ್ಲೆಯ ಮೇಲಿನ ಭಾಗಕ್ಕೂ ಕರಾವಳಿಗೂ ನಡುವಿನ ದಾರಿಗಳು ಒಂದೊಂದಾಗಿ ಮುಚ್ಚಿಕೊಂಡವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಜೀವಗಳನ್ನು ತೆಗೆದುಕೊಂಡಿತು. ಅದಾಗಿ ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕಾರವಾರದ ಬಳಿ ಕಾಳಿಯ ಹಳೆಯ ಸೇತುವೆಯೇ ಕುಸಿಯಿತು. ಹೊಳೆಗೆ ಬಿದ್ದ ಲಾರಿಯ ಚಾಲಕನನ್ನು ಪುಣ್ಯಕ್ಕೆ ಬದುಕಿಸಿಕೊಂಡರು. ಸೇತುವೆ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಮನೆ ನಡೆಸುವುದು ಎಷ್ಟು ಸರಿ ಎಂದು ಆ ವರ್ಷ ಕಾರವಾರದವರು ಮಾತ್ರವಲ್ಲ, ಘಟ್ಟದ ಮೇಲಿನವರೂ ಯೋಚಿಸಿದರು.

ಗುಡ್ಡ ಕುಸಿಯುವುದಕ್ಕೆ ಮುಂಚೆ ಸುಮ್ಮನಿರುವುದಿಲ್ಲ. ಇಳಿಜಾರಿನಲ್ಲಿ ಹೊಸ ಬಿರುಕು ಕಾಣಿಸಿಕೊಳ್ಳುತ್ತದೆ. ನೆಟ್ಟಗಿದ್ದ ಮರ ಅಥವಾ ಕರೆಂಟಿನ ಕಂಬ ವಾಲುತ್ತದೆ. ನಿನ್ನೆಯವರೆಗೆ ಸರಾಗ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಮನೆಯ ಹಿಂದಿನ ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗುತ್ತದೆ, ಇಲ್ಲವೇ ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ಇಳಿಯುತ್ತದೆ. ಕೊನೆಯದು ಎಲ್ಲಕ್ಕಿಂತ ಅಪಾಯದ ಸೂಚನೆ. ಮೇಲೆಲ್ಲೋ ಮಣ್ಣು ಬಿದ್ದು ಹಳ್ಳ ಕಟ್ಟಿಕೊಂಡಿದೆ ಎಂದೇ ಅದರ ಅರ್ಥ. ಇಂಥದ್ದು ಕಂಡ ಮನೆಯವರು ರಾತ್ರಿಯನ್ನು ಬೇರೆಡೆ ಕಳೆಯಬೇಕು. ಸಾಮಾನು ಸಾಗಿಸುವ ಹೊತ್ತು ಅದಲ್ಲ.

ಅಕ್ಕಿ ಇದ್ದರೆ ಸಾಲದು

ಊಟದ ದಾಸ್ತಾನಿನಲ್ಲಿ ಹಿರಿಯರು ಪಳಗಿದ್ದರು. ಕಾಯಿಲೆಯ ವಿಷಯದಲ್ಲಿ ಅವರಿಗೂ ದಾರಿ ಇರಲಿಲ್ಲ. ಜೋಯಿಡಾದ ಒಳಗಿನ ಕೇರಿಗಳಿಂದ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಮಲಗಿಸಿ, ಬಿದಿರಿನ ಗಳಕ್ಕೆ ಹೆಗಲು ಕೊಟ್ಟು, ಮೈಲಿಗಟ್ಟಲೆ ಹೊತ್ತು ತಂದ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. 108ರ ಆಂಬುಲೆನ್ಸ್ 2008ರಿಂದ ರಾಜ್ಯದಲ್ಲಿದೆ. ಅದು ಬರಬೇಕಾದರೆ ಮೊದಲು ಫೋನು ತಾಗಬೇಕು, ಆಮೇಲೆ ಗಾಡಿ ಬರುವ ರಸ್ತೆ ಇರಬೇಕು. ಸಿಗ್ನಲ್ ಸಿಗುವ ಗುಡ್ಡದ ತುದಿ, ಇಂಥದೇ ಮರದ ಬುಡ ಎಂದು ಊರವರಿಗೆ ಗೊತ್ತಿರುತ್ತದೆ. ಟಾರ್ಚ್ ಹಿಡಿದು ಮಳೆಯಲ್ಲಿ ಅಲ್ಲಿಗೆ ಹೋಗಿ ನಿಲ್ಲುವವರು ಯಾರು ಎಂಬುದೂ ಮೊದಲೇ ಗೊತ್ತಾಗಿರುವುದು ಒಳ್ಳೆಯದು.

ಹೆರಿಗೆಯ ದಿನ ತಾಯಿ ಕಾರ್ಡಿನಲ್ಲಿ ತಿಂಗಳುಗಳ ಮುಂಚೆಯೇ ಬರೆದಿರುತ್ತದೆ. ಅದು ಜುಲೈ, ಆಗಸ್ಟ್‌ನಲ್ಲಿ ಬಿದ್ದರೆ ಹಳ್ಳ ಏರುವ ಮುನ್ನವೇ ಗರ್ಭಿಣಿಯನ್ನು ಆಸ್ಪತ್ರೆಗೆ ಹತ್ತಿರವಿರುವ ಬಳಗದವರ ಮನೆಗೆ ಕಳಿಸಿಕೊಡುವುದು ಬುದ್ಧಿವಂತರ ಕೆಲಸ. ತವರಿನಲ್ಲೇ ಆಗಬೇಕೆಂಬ ಹಟ ಮಳೆಗಾಲಕ್ಕೆ ಹೊಂದುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗ ಇರುವವರ ಮಾತ್ರೆಗಳು ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಬೇಕು. ಅಕ್ಕಿಯನ್ನು ಪಕ್ಕದ ಮನೆಯಿಂದ ಎರವಲು ತರಬಹುದು, ಮೂರ್ಛೆರೋಗದ ಮಾತ್ರೆಯನ್ನು ತರಲಾಗದು.

ಹಾವಿನ ಮಾತಂತೂ ಈ ಸೀಮೆಯಲ್ಲಿ ಬಿಡುವಂತೆಯೇ ಇಲ್ಲ. ಭಾರತದಲ್ಲಿ ಸಿಗುವ ಪ್ರತಿವಿಷದ ಚುಚ್ಚುಮದ್ದು ನಾಲ್ಕು ಹಾವುಗಳಿಗೆ ನಾಟುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಕಟ್ಟುಹಾವು ರಾತ್ರಿಯ ಹಾವು. ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೂ ಅಷ್ಟಾಗಿ ಇರುವುದಿಲ್ಲ, ಬಾವೂ ಬರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದಂಥ ಜೊಂಪು ಎಂದರೆ ಅನುಮಾನಿಸಬೇಕು. ಮಂಚ, ಮಂಚವಿಲ್ಲದಿದ್ದರೆ ಚಾಪೆಯಡಿ ಸುತ್ತಲೂ ಮಡಚಿ ಸಿಕ್ಕಿಸಿದ ಸೊಳ್ಳೆಪರದೆ, ಕತ್ತಲಲ್ಲಿ ಕೈಯಲ್ಲೊಂದು ಟಾರ್ಚ್, ಗದ್ದೆಗೆ ಗಂಬೂಟು. ಇಷ್ಟೇ ಸಲಕರಣೆ ಎಷ್ಟೋ ಜೀವ ಉಳಿಸುತ್ತದೆ. ಕಚ್ಚಿದ ಮೇಲೆ ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಸಿನಿಮಾದಲ್ಲಿ ಚೆಂದ. ಮನೆಯಲ್ಲಿ ಮಾಡಬೇಕಾದದ್ದು ಉಂಗುರ, ಬಳೆ, ಕಾಲುಂಗುರ ತೆಗೆದು, ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಎಲುಬಿನಂತೆ ಅಲುಗದಂತೆ ಪಟ್ಟಿಯಿಟ್ಟು ಕಟ್ಟಿ, ಕಚ್ಚಿಸಿಕೊಂಡವರನ್ನು ನಡೆಸದೆ ಹೊತ್ತು ಆಸ್ಪತ್ರೆಗೆ ಮುಟ್ಟಿಸುವುದು. ಜೋಲಿಗೆ ಇಲ್ಲಿ ಇಂದಿಗೂ ಕೆಲಸವಿದೆ.

ಬಿಸಿಲಲ್ಲೂ ಏರುವ ನದಿ

ಕಾಳಿ ಮತ್ತು ಪಾಂಢರಿ ಕೂಡುವಲ್ಲಿ ಸೂಪಾ ಎಂಬ ಪೇಟೆ ಇತ್ತು. ತಾಲೂಕಿಗೂ ಅದೇ ಹೆಸರು. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡು, ಆ ಪೇಟೆ ನೀರಿನಡಿ ಹೋಯಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂತು. ಜನರಲ್ಲಿ ಅನೇಕರು ರಾಮನಗರಕ್ಕೆ ಹೋದರು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಹಳೆಯ ಊರಿನ ಗೋಡೆಗಳು ಕೆಸರಿನಿಂದ ಮೇಲೇಳುವುದುಂಟು. ಆಗ ಅಲ್ಲಿ ಹುಟ್ಟಿ ಬೆಳೆದವರು ಹೋಗಿ ಇದು ನಮ್ಮ ಓಣಿ, ಇದು ಶಾಲೆ ಎಂದು ಗುರುತು ಹಿಡಿಯುತ್ತಾರೆ. ಒಂದು ಊರು ಇದ್ದಕ್ಕಿದ್ದಂತೆ ಮುಳುಗುವುದಕ್ಕೂ ವರ್ಷಗಳ ಮುನ್ಸೂಚನೆ ಕೊಟ್ಟು ಮುಳುಗುವುದಕ್ಕೂ ವ್ಯತ್ಯಾಸವಿದೆ. ಎರಡರಲ್ಲೂ ಕೊನೆಗೆ ಕೈಯಲ್ಲಿ ಉಳಿಯುವುದು ಹೊತ್ತು ತಂದಷ್ಟೇ. ಪಹಣಿ, ಹಕ್ಕುಪತ್ರ ಇದ್ದವರ ಮಾತಿಗೆ ಕಚೇರಿಯಲ್ಲಿ ಬೆಲೆ. ಕಾಗದವಿಲ್ಲದವರು ತಾವು ಅಲ್ಲಿದ್ದೆವೆಂಬುದನ್ನೇ ಸಾಬೀತು ಮಾಡಬೇಕು.

ಅಣೆಕಟ್ಟಿನ ಕೆಳಗೆ ಕಾಳಿ ದಾಂಡೇಲಿಯ ಮೂಲಕ ಬೊಮ್ಮನಹಳ್ಳಿ ಜಲಾಶಯದ ಕಡೆಗೆ ಹರಿಯುತ್ತದೆ. ಹಿಂದೆ ಹಳಿಯಾಳ ತಾಲೂಕಿನಲ್ಲಿದ್ದ ದಾಂಡೇಲಿ ಈಗ ತಾನೇ ಒಂದು ತಾಲೂಕು. ಕಾಗದದ ಕಾರ್ಖಾನೆಯ ಊರಾಗಿದ್ದದ್ದು ರಾಫ್ಟಿಂಗ್ ಮಾಡುವವರ ಊರೂ ಆಗಿದೆ. ಶನಿವಾರ ಬಂದರೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಿಂದ ಕಾಲೇಜು ಹುಡುಗರ ಗುಂಪುಗಳು ಬರುತ್ತವೆ. ಅವರಿಗೆ ಯಾರೂ ಒತ್ತಿ ಹೇಳದ ಒಂದು ಮಾತಿದೆ. ಇದು ಮಳೆ ನೋಡಿಕೊಂಡು ಮಾತ್ರ ಏರುವ ನದಿಯಲ್ಲ. ಸೂಪಾದ 100 ಮೆಗಾವಾಟ್ ವಿದ್ಯುದಾಗಾರದಲ್ಲಿ ಯಂತ್ರ ಓಡಿಸಿದಾಗ, ಜಲಾಶಯದ ಮಟ್ಟ ಗರಿಷ್ಠ 564 ಮೀಟರ್‌ಗೆ ಸಮೀಪಿಸಿ ಬಾಗಿಲು ತೆರೆದಾಗ, ಕೆಳಗೆ ಬಿಸಿಲಿದ್ದರೂ ನೀರು ಬರುತ್ತದೆ. ಬೆಳಿಗ್ಗೆ ಬಟ್ಟೆ ಒಣಗಿಸಿದ ಬಂಡೆ ಮಧ್ಯಾಹ್ನಕ್ಕೆ ನಡುಗಡ್ಡೆಯಾಗಿರಬಹುದು. ಸಾಲದ್ದಕ್ಕೆ ದಾಂಡೇಲಿಯ ಆಸುಪಾಸಿನ ನೀರಿನಲ್ಲಿ ಮೊಸಳೆಗಳಿವೆ, ಜೀವ ಹೋದ ಉದಾಹರಣೆಯೂ ಇದೆ. ಸ್ಥಳೀಯರು ಇಳಿಯದ ಮಡುವಿಗೆ ಪ್ರವಾಸಿ ಇಳಿಯಬಾರದು. ನದಿ ದಂಡೆಯ ಮನೆಯವರಿಗೆ ಸೈರನ್, ಡಂಗುರ, ಧ್ವನಿವರ್ಧಕದ ಅರ್ಥ ಗೊತ್ತು. ಹೊರಗಿನಿಂದ ಬಂದು ಕೋಣೆ ಹಿಡಿದವರು ಅದನ್ನು ಕೇಳಿ ತಿಳಿದುಕೊಳ್ಳಬೇಕು.

ದೊಡ್ಡ ಕಾರ್ಖಾನೆಗಳಿರುವ ಯಾವ ಊರಿಗಾದರೂ ಇನ್ನೊಂದು ಪಾಠವಿದೆ. 1984ರ ಭೋಪಾಲದ ರಾತ್ರಿ ಸತ್ತವರಲ್ಲಿ ಬಹುಪಾಲು ಜನರಿಗೆ ಗಾಳಿಯಲ್ಲಿ ಬಂದದ್ದು ಏನೆಂದೇ ತಿಳಿದಿರಲಿಲ್ಲ. ಅದಾದ ಮೇಲೆ, 1989ರ ನಿಯಮಗಳು ಅಪಾಯಕಾರಿ ರಾಸಾಯನಿಕ ಇರಿಸಿಕೊಳ್ಳುವವರು ಸುತ್ತಲಿನ ಜನರಿಗೆ ತಿಳಿಸಬೇಕೆಂದು ಕಟ್ಟಳೆ ಮಾಡಿದವು. ಕ್ಲೋರಿನ್‌ನಂಥ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿ ಬೀಸುವ ದಿಕ್ಕಿಗೆ ಓಡದೆ ಅಡ್ಡಲಾಗಿ, ಎತ್ತರದ ಕಡೆಗೆ, ಮೂಗಿಗೆ ಒದ್ದೆಬಟ್ಟೆ ಹಿಡಿದು ಹೋಗಬೇಕು. ಕಾಳಿಯ ಕೆಳಗಿನ ಹರಿವಿನಲ್ಲಿ, ಕದ್ರಾ ಜಲಾಶಯದ ದಂಡೆಯ ಕೈಗಾದಲ್ಲಿ, 2000ರಿಂದ ಅಣು ವಿದ್ಯುತ್ ಉತ್ಪಾದನೆ ನಡೆದಿದೆ. ಸ್ಥಾವರದ ಸುತ್ತ 16 ಕಿ.ಮೀ. ವ್ಯಾಪ್ತಿಗೆ ತುರ್ತು ಯೋಜನೆ ಮಾಡಿಡುವುದು, ಆಗಾಗ ಅಣಕು ಕಾರ್ಯಾಚರಣೆ ನಡೆಸುವುದು ಭಾರತದಲ್ಲಿ ರೂಢಿಯಾಗಿ ಬಂದಿದೆ. ಅಲ್ಲಿಯ ಪಾಠ ಓಡುವುದಲ್ಲ, ಮೊದಲು ಒಳಗಿರುವುದು. ಕಿಟಕಿ ಬಾಗಿಲು ಮುಚ್ಚಿ ರೇಡಿಯೊ ಕೇಳುವುದು, ಅಯೋಡಿನ್ ಮಾತ್ರೆಯನ್ನು ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗುವುದು.

ಜವೆಯ ಹಿಟ್ಟಿನ ಚೀಲ

ಮುಂಡಗೋಡ ತಾಲೂಕಿಗೆ ಬಂದರೆ ಆಪತ್ತಿನ ಬಣ್ಣ ಬದಲಾಗುತ್ತದೆ. ಇಲ್ಲಿ ಒಂದು ವರ್ಷ ಕೆರೆ ತುಂಬಲಿಲ್ಲವೆಂಬ ಚಿಂತೆ, ಇನ್ನೊಂದು ವರ್ಷ ಏರಿ ನಿಲ್ಲುತ್ತದೆಯೇ ಎಂಬ ಚಿಂತೆ. 2019ರ ಆಗಸ್ಟ್‌ನ ಮಳೆಯಲ್ಲಿ ಚಿಗಳ್ಳಿ ಜಲಾಶಯದ ಒಡ್ಡು ಒಡೆದು ಗದ್ದೆಗಳಿಗೆ ನೀರು ನುಗ್ಗಿತು. ಅದೇ ದಿನಗಳಲ್ಲಿ ಹಳಿಯಾಳಕ್ಕೆ ಹತ್ತಿರದ ಅಳ್ನಾವರದಲ್ಲಿ ಡೌಗಿ ನಾಲಾ ಉಕ್ಕಿ ಊರೊಳಗೆ ಬಂದಿತ್ತು. ಮಳೆ ಕಡಿಮೆ ಎಂದು ನಿಶ್ಚಿಂತೆಯಿಂದಿದ್ದ ಊರುಗಳಿಗೆ ಈಜು ಬಾರದು, ದೋಣಿಯೂ ಇಲ್ಲ. ಏಪ್ರಿಲ್–ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲಿನ ಕಾಟ ಬೇರೆ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಹೊಲದಲ್ಲಿ ನಿಲ್ಲಬಾರದು. ಒಂಟಿಮರದಡಿಗೆ ಓಡುವುದಂತೂ ಸಿಡಿಲನ್ನು ಕರೆದಂತೆ. ಭತ್ತ ಬಲಿಯುವ ಹೊತ್ತಿಗೆ ದಾಂಡೇಲಿ ಕಾಡಿನ ಆನೆಗಳು ಈ ಕಡೆಗೆ ಬರುತ್ತವೆ, ಆಗ ಮಾಳದ ಮೇಲೆ ರಾತ್ರಿ ಕಾವಲು.

ಆದರೆ ಮುಂಡಗೋಡದಲ್ಲಿ ಆಪತ್ತಿನ ಅನುಭವ ಎಲ್ಲರಿಗಿಂತ ಹೆಚ್ಚಿರುವವರು ಇಲ್ಲಿಯ ಮಳೆಯನ್ನೇ ಕಂಡಿರದೆ ಬಂದ ಜನ. 1959ರಲ್ಲಿ ದಲೈ ಲಾಮಾ ಟಿಬೆಟ್ ತೊರೆದ ಮೇಲೆ ಸಹಸ್ರಾರು ಮಂದಿ ಹಿಮಾಲಯ ದಾಟಿದರು. ರಾಜ್ಯದಲ್ಲಿ ಬೈಲಕುಪ್ಪೆಯ ನೆಲೆ ಮೊದಲಾಯಿತು, 1966ರಲ್ಲಿ ಮುಂಡಗೋಡದ್ದು. ಕಾಡು ಕಡಿದು ಶಿಬಿರಗಳನ್ನು ಮಾಡಿಕೊಂಡು, ಗೋವಿನಜೋಳ ಬಿತ್ತಿ, ಲಾಸಾದ ಆಸುಪಾಸಿನಲ್ಲಿ ಬಿಟ್ಟುಬಂದ ಗಾಂದೆನ್, ದ್ರೆಪುಂಗ್ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿದರು. ದಾಟುವಾಗ ಚೀಲದಲ್ಲಿದ್ದದ್ದು ತ್ಸಂಪಾ: ಜವೆಯನ್ನು ಹುರಿದು ಬೀಸಿದ ಹಿಟ್ಟು. ಬಿಸಿ ಚಹ ಇದ್ದರೆ ಚಹದಲ್ಲಿ, ಇಲ್ಲದಿದ್ದರೆ ತಣ್ಣೀರಿನಲ್ಲಿ ಕಲಸಿ ಉಂಡೆ ಕಟ್ಟಿ ತಿನ್ನಬಹುದು. ಬೆಂಕಿ ಬೇಡ, ಪಾತ್ರೆ ಬೇಡ. ಹೊಗೆ ಕಂಡರೆ ಸಿಕ್ಕಿಬೀಳುವ ದಾರಿಯಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಹುರಿಹಿಟ್ಟು, ಅವಲಕ್ಕಿ, ಶೇಂಗಾ-ಬೆಲ್ಲದ ಉಂಡೆಗಳೂ ಇದೇ ಜಾತಿಯವು. ಒಲೆ ಹೊತ್ತದ ದಿನಕ್ಕೆ ಹೊಟ್ಟೆ ತುಂಬಿಸುವಂಥವು. ಮನೆ ಬಿಡಬೇಕಾದ ರಾತ್ರಿಗೆ ಅಕ್ಕಿಯ ಮೂಟೆ ಪ್ರಯೋಜನವಿಲ್ಲ, ಅವಲಕ್ಕಿಯ ಚೀಲ ಬೇಕು.

ಹೊರಗಿನ ದೇಶಗಳಲ್ಲಿ ಈ ಯೋಚನೆಯನ್ನು ಸರ್ಕಾರಗಳೇ ಮನೆಮನೆಗೆ ಮುಟ್ಟಿಸುತ್ತವೆ. ಸ್ವೀಡನ್ 2018ರಲ್ಲಿ ಪ್ರತಿ ಮನೆಗೂ ಒಂದು ಕಿರುಪುಸ್ತಕ ಅಂಚೆಯಲ್ಲಿ ಕಳಿಸಿ, ನೀರು, ಊಟ, ಶಾಖ, ಸುದ್ದಿ ಇಲ್ಲದೆ ಹೇಗಿರುತ್ತೀರಿ ಎಂದು ಕೇಳಿತು. 2024ರಲ್ಲಿ ಅದನ್ನು ತಿದ್ದಿ ಮತ್ತೆ ಕಳಿಸಿತು. ಜಪಾನ್ 1923ರ ಮಹಾ ಭೂಕಂಪದ ನೆನಪಿಗೆ ಸೆಪ್ಟೆಂಬರ್ 1ನ್ನು ಆಪತ್ತು ತಡೆಯ ದಿನವೆಂದು ಪಾಲಿಸುತ್ತದೆ, ಶಾಲಾ ಮಕ್ಕಳು ಮೇಜಿನಡಿ ಕೂರುವ ಅಭ್ಯಾಸ ಮಾಡುತ್ತಾರೆ. ಅಮೆರಿಕದಲ್ಲಿ ಇದೇ ಒಂದು ವ್ಯಾಪಾರ. ವರ್ಷಗಟ್ಟಲೆ ಕೆಡದ ಡಬ್ಬಿಯ ಊಟ, ನೆಲದಡಿಯ ಕೋಣೆ, ಸಾವಿರಾರು ರೂಪಾಯಿ ಬೆಲೆಯ ಚೂರಿ. ಅದನ್ನು ನೋಡಿ ಇಲ್ಲಿಯವರು ಮರುಳಾಗಬೇಕಾಗಿಲ್ಲ. ಒಬ್ಬನೇ ಬಾಗಿಲು ಹಾಕಿಕೊಂಡು ಬದುಕುವ ಯೋಜನೆ ಜೋಲಿಗೆ ನಾಲ್ಕು ಹೆಗಲು ಬೇಕಾಗುವ ಊರಿನಲ್ಲಿ ನಡೆಯುವುದಿಲ್ಲ.

ಹಾಗಾದರೆ ಐದು ಜನರ ಮನೆಗೆ ಏನು ಬೇಕು? ಒಂದು ವಾರ ರಸ್ತೆ ಮುಚ್ಚಿತೆಂದು ಇಟ್ಟುಕೊಂಡರೆ, ತಲಾ 400 ಗ್ರಾಂ ಧಾನ್ಯದ ಲೆಕ್ಕದಲ್ಲಿ 14 ಕಿಲೋ. ಎರಡು ಕಿಲೋ ಬೇಳೆ, ಎಣ್ಣೆ, ಉಪ್ಪು, ಬೆಲ್ಲ. ಕುಡಿಯಲು, ಅಡುಗೆಗೆ ತಲಾ ನಾಲ್ಕು ಲೀಟರಿನಂತೆ ಮೂರು ದಿನಕ್ಕೆ 60 ಲೀಟರ್ ನೀರು, ಎಂದರೆ 20 ಲೀಟರಿನ ಮೂರು ಕ್ಯಾನು. ಇದರಲ್ಲಿ ಹೊಸದಾಗಿ ಕೊಳ್ಳಬೇಕಾದದ್ದು ಬಹಳವಿಲ್ಲ. ಹಳೆಯದನ್ನು ಬಳಸುತ್ತ ಹೊಸದನ್ನು ಹಿಂದೆ ಇಡುವ ಶಿಸ್ತೇ ಮುಖ್ಯ. ಇದೊಂದು ಟಾರ್ಚ್, ಸೆಲ್ಲು, ಮೇಣದಬತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಬೆಂಕಿಪೆಟ್ಟಿಗೆ, ಗಟ್ಟಿ ಹಗ್ಗ, ಕತ್ತಿ. ಸೆಲ್ಲಿನ ಮೇಲೆ ನಡೆಯುವ ಸಣ್ಣ ರೇಡಿಯೊ ಇದ್ದರೆ ಮೊಬೈಲ್ ಸತ್ತ ಮೇಲೂ ಧಾರವಾಡ, ಕಾರವಾರ ಆಕಾಶವಾಣಿಯ ಸುದ್ದಿ ಸಿಗುತ್ತದೆ. ಎಂಟು–ಹತ್ತು ಓ.ಆರ್.ಎಸ್. ಪೊಟ್ಟಣ. ಅದು ತೀರಿದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.

ನೆರೆಯ ನಂತರ ಬರುವ ವಾಂತಿಭೇದಿ ಬಾವಿಯಿಂದ ಏಳುತ್ತದೆ. ಇಲ್ಲಿ ಹೈಸ್ಕೂಲಿನ ಮಕ್ಕಳ ಗಣಿತಕ್ಕೆ ನಿಜವಾದ ಕೆಲಸವಿದೆ. 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೇಕು. ಬಾವಿಯ ವ್ಯಾಸ 2 ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ, ವ್ಯಾಸದ ವರ್ಗವನ್ನು ಆಳದಿಂದಲೂ 3.14ರಿಂದಲೂ ಗುಣಿಸಿ ನಾಲ್ಕರಿಂದ ಭಾಗಿಸಿದಾಗ ಬರುವುದು 12.56 ಘನ ಮೀಟರ್. ಎಂದರೆ 12,560 ಲೀಟರ್, ಪುಡಿ ಸುಮಾರು 31 ಗ್ರಾಂ. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಮತ್ತೊಂದು ಬಕೆಟ್ಟಿಗೆ ಹೊಯ್ದು, ಆ ಬಕೆಟ್ಟನ್ನು ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ತಾಸು ಬಿಟ್ಟು ಸೇದಬಹುದು. ಪುಡಿ ಹಳತಾದಷ್ಟೂ ಸತ್ವ ಕಳೆದುಕೊಳ್ಳುತ್ತದೆ, ಕಳೆದ ವರ್ಷದ ಪೊಟ್ಟಣವನ್ನು ನಂಬಬಾರದು.

ಕಾಗದಪತ್ರಗಳಿಗೂ ಒಂದು ಚೀಲ ಬೇಕು. 2019ರ ನೆರೆಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮಕ್ಕಳ ಪುಸ್ತಕ, ಅಂಕಪಟ್ಟಿಗಳು ನೀರುಪಾಲಾದವು. ಪಹಣಿ, ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳನ್ನು ಬೀಗವಿಲ್ಲದ, ನೀರು ಹೋಗದ ಚೀಲದಲ್ಲಿ ಬಾಗಿಲ ಬಳಿ ಮೊಳೆಗೆ ತೂಗಿಹಾಕಬೇಕು. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಪ್ರತಿಗಳಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಅದನ್ನು ಮಾಡಬಲ್ಲವರು ಸಾಮಾನ್ಯವಾಗಿ ಮಕ್ಕಳೇ. 112, 108, ಜಿಲ್ಲಾಡಳಿತದ ನಿಯಂತ್ರಣ ಕೊಠಡಿಯ 1077, ಕರೆಂಟಿನ 1912, ಜೊತೆಗೆ ಆಶಾ ಕಾರ್ಯಕರ್ತೆ ಮತ್ತು ಜೀಪು ಇರುವ ನೆರೆಯವರ ನಂಬರುಗಳನ್ನು ಗೋಡೆಯ ಮೇಲೆ ಬರೆದಿಡಬೇಕು. ಚಾರ್ಜು ಮುಗಿದ ಮೊಬೈಲಿನೊಳಗಿನ ನಂಬರು ಯಾರಿಗೂ ಉಪಕಾರಕ್ಕೆ ಬಾರದು.

ಇಷ್ಟನ್ನೆಲ್ಲ ಯಾರೂ ಹೇಳಿಕೊಡದೆಯೇ ಮಾಡುತ್ತಿದ್ದ, ಇಂದಿಗೂ ಮಾಡುವ ಜನರನ್ನು ನೋಡಬೇಕಾದರೆ ಭರತ ಹುಣ್ಣಿಮೆಯ ಸುಮಾರಿಗೆ ಹಳಿಯಾಳ–ದಾಂಡೇಲಿ ರಸ್ತೆಯ ಬದಿಗೆ ನಿಂತರೆ ಸಾಕು. ಚನ್ನಬಸವಣ್ಣನವರ ಸಮಾಧಿ ಇರುವ ಉಳವಿಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಮನೆಮಂದಿಯ ಸಮೇತ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ದಾರಿ ಹಲವು ದಿನದ್ದು, ಕೊನೆಯ ಹಂತವೆಲ್ಲ ಜೋಯಿಡಾದ ಕಾಡಿನೊಳಗೆ. ಚಕ್ಕಡಿಯೊಳಗೆ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಾದಲಿಯ ಡಬ್ಬಿ. ಎತ್ತಿಗೆ ಕಣಿಕೆ, ಹಿಂಡಿ. ಕೆಳಗೆ ತೂಗುವ ಕಂದೀಲು, ನೀರಿನ ಕೊಡ, ಕೀಲೆಣ್ಣೆಯ ಬುಡ್ಡಿ, ಹೆಚ್ಚಿನದೊಂದು ಹಗ್ಗ. ಒಂದರ ಹಿಂದೊಂದು ಚಕ್ಕಡಿ ಸಾಲಾಗಿ ಹೋಗುತ್ತದೆ. ನಡುವೆ ಒಂದರ ಕೀಲು ಮುರಿದರೆ ಹಿಂದಿನವರೂ ಮುಂದಿನವರೂ ನಿಲ್ಲುತ್ತಾರೆ. ಅಷ್ಟರಲ್ಲಿ ಹೆಂಗಸರು ಮೂರು ಕಲ್ಲು ಹೂಡಿ ಚಹಕ್ಕೆ ನೀರಿಟ್ಟಿರುತ್ತಾರೆ.